ಬಂದೂಕಿನ ಸೋರ್ಸ್‌ಬುಕ್‌ಗಳನ್ನು ಹೋಲಿಸುವುದು ಹೇಗೆ: ಆಧುನಿಕ ಕಾಲದ ಟೇಬಲ್‌ಟಾಪ್ ಆಟ ಆಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯ ಔಂಧ್‌ನಲ್ಲಿ ಭಾನುವಾರ ಸೇರುವ ನಮ್ಮ ಕನ್ನಡ ಬಳಗಕ್ಕೆ ಹೊಸದಾಗಿ ಬರುವ ಗೇಮ್ ಮಾಸ್ಟರ್‌ಗಳೆಲ್ಲ (ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥೆಯಾಟವನ್ನು ನಡೆಸುವವರು) ಒಂದೇ ಪ್ರಶ್ನೆ ಹೊತ್ತು ತರುತ್ತಾರೆ: ಇಂದಿನ ಕಾಲದ ಕಥೆ ಆಡಿಸಬೇಕು, ಬಂದೂಕಿನ ಪುಸ್ತಕ ಯಾವುದು ಕೊಳ್ಳಲಿ? ಆಟದ ಮೂಲ ನಿಯಮಕ್ಕೆ ಬಂದೂಕುಗಳ ಅಂಕಿಗಳನ್ನೂ ವಿವರಗಳನ್ನೂ ಸೇರಿಸುವ ಪುಸ್ತಕವೇ ಬಂದೂಕಿನ ಸೋರ್ಸ್‌ಬುಕ್. ಉತ್ತರ ಕಾಯುವ ತಾಳ್ಮೆ ಇಲ್ಲದವರು ಅತ್ಯಂತ ದಪ್ಪ ಪುಸ್ತಕವನ್ನು ಕೊಳ್ಳುತ್ತಾರೆ. ಎರಡನೆಯ ವಾರ ಅದರಿಂದ ಒಂದು ಸಾಲು, ಇನ್ನೊಂದರಿಂದ ಎರಡು ಸಾಲು ಎತ್ತಿ ತಮ್ಮ ಆಟಕ್ಕೆ ಅಂಟಿಸುತ್ತಾರೆ. ಮೂರನೆಯ ವಾರ ಆಟಗಾರರು ಕಥೆ ಬಿಟ್ಟು ಕೋಷ್ಟಕದ ಮೇಲೆ ಜಗಳಕ್ಕೆ ಕೂರುತ್ತಾರೆ. ಇದನ್ನು ನಾನು ಇಷ್ಟು ಸಲ ಕಂಡಿದ್ದೇನೆಂದರೆ, ಕ್ರಮವಾಗಿ ಬರೆದಿಡುವುದು ಕರ್ತವ್ಯವೆನಿಸಿತು.

ತಪ್ಪು ಶುರುವಾಗುವುದು ಬಂದೂಕುಗಳನ್ನು ಎಣಿಸುವುದರಿಂದ. ಪುಸ್ತಕದಲ್ಲಿ 40 ಪಿಸ್ತೂಲುಗಳಿವೆಯೋ 400 ಇವೆಯೋ ಎಂಬುದು ನಿಮ್ಮ ಮೇಜಿನ ಮೇಲೆ ಏನನ್ನೂ ಬದಲಿಸುವುದಿಲ್ಲ. ಎದುರಿಗೆ ಬಂದೂಕು ಕಂಡ ಆಟಗಾರ ಏನು ಮಾಡುತ್ತಾನೆ, ಓಡುತ್ತಾನೋ, ಅವಿತುಕೊಳ್ಳುತ್ತಾನೋ, ಮುನ್ನುಗ್ಗುತ್ತಾನೋ ಎಂಬುದನ್ನು ಪುಸ್ತಕದ ಅಂಕಿಗಳು ನಿರ್ಧರಿಸುತ್ತವೆ. ಹೋಲಿಸಬೇಕಾದದ್ದು ಅದನ್ನು.

ಮೊದಲು ಬೇಕಾದ ಸಾಮಾನು

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ, ಕ್ಯಾಲ್ಕುಲೇಟರ್, ಸೆಕೆಂಡು ತೋರಿಸುವ ಗಡಿಯಾರ, ಆರು, ಎಂಟು, ಹತ್ತು, ಹನ್ನೆರಡು ಮತ್ತು ಇಪ್ಪತ್ತು ಮುಖದ ದಾಳಗಳು. ದಾಳ ಉರುಳಿಸಲು ಅಂಚಿರುವ ಸ್ಟೀಲ್ ತಟ್ಟೆ ಇರಲಿ, ಒಳಗೆ ಹಳೆಯ ಟವೆಲ್ ಹಾಸಿ. ಪರೀಕ್ಷೆಗೆ ನೂರಾರು ಸಲ ಉರುಳಿಸಬೇಕಾಗುತ್ತದೆ, ಕೆಳಗಿನ ಮನೆಯವರು ಮಲಗಿರುತ್ತಾರೆ.

ಹಣ ಈಗಲೇ ಖರ್ಚು ಮಾಡಬೇಡಿ. ಗರ್ಪ್ಸ್ ಆಟದ ಸಂಕ್ಷಿಪ್ತ ಆವೃತ್ತಿಯಾದ ಗರ್ಪ್ಸ್ ಲೈಟ್, ಡೆಲ್ಟಾ ಗ್ರೀನ್ ಆಟದ ಪ್ರವೇಶಪುಸ್ತಕ ನೀಡ್ ಟು ನೋ, ಡಿ20 ಮಾಡರ್ನ್ ಆಟದ ಮುಕ್ತ ನಿಯಮಪಾಠ, ಇವು ಮೂರೂ ಉಚಿತವಾಗಿ ಸಿಗುತ್ತವೆ. ಈ ಮೂರರಿಂದಲೇ ಮುಕ್ಕಾಲು ಪಾಲು ಹೋಲಿಕೆ ಮುಗಿಯುತ್ತದೆ. ಸೋರ್ಸ್‌ಬುಕ್ ಎಂಬುದು ಮೂಲ ನಿಯಮದ ಮೇಲೆ ಕಟ್ಟಿದ ಅಟ್ಟ. ಕೆಳಗಿನ ಕಂಬ ನಿಮಗೆ ಒಗ್ಗದಿದ್ದರೆ ಅಟ್ಟ ಎಷ್ಟು ಚೆನ್ನಾಗಿದ್ದರೂ ಹತ್ತಿ ಕೂರಲಾಗದು.

1. ನಿಮ್ಮ ಆಟಕ್ಕೆ ಬಂದೂಕು ಏಕೆ ಬೇಕು ಎಂದು ಬರೆಯಿರಿ

ಒಂದೇ ವಾಕ್ಯ ಸಾಕು. ನಮ್ಮ ಬಳಗದ ಈಗಿನ ಕಥಾಸರಣಿಗೆ ನಾನು ಬರೆದದ್ದು ಹೀಗಿದೆ: ಪುಣೆ, ಮುಂಬಯಿ, ಗೋವಾ ನಡುವೆ ಓಡಾಡುವ ನಾಲ್ವರು ತನಿಖಾಧಿಕಾರಿಗಳು, ಬಂದೂಕು ಹೊರಬಂದರೆ ಎಲ್ಲರಿಗೂ ಹೆದರಿಕೆಯಾಗಬೇಕು, ಒಂದು ಕಾದಾಟ 20 ನಿಮಿಷದಲ್ಲಿ ಮುಗಿಯಬೇಕು.

ಈ ವಾಕ್ಯವನ್ನು ಪುಸ್ತಕ ತೆರೆಯುವ ಮುಂಚೆ ಬರೆಯಿರಿ. ಆಮೇಲೆ ಬರೆದರೆ ಇಷ್ಟವಾದ ಪುಸ್ತಕಕ್ಕೆ ಹೊಂದುವಂತೆ ವಾಕ್ಯವನ್ನೇ ತಿದ್ದುತ್ತೀರಿ.

2. ಪುಸ್ತಕ ಯಾವ ಜಾತಿಯದು ಎಂದು ಗುರುತಿಸಿ

ಮೂರು ಜಾತಿಗಳಿವೆ. ಮೊದಲನೆಯದು ಪಟ್ಟಿಯ ಪುಸ್ತಕ. ಒಂದೊಂದು ಬಂದೂಕಿಗೂ ಹೆಸರು, ವಿವರಣೆ, ಒಂದು ಸಾಲಿನ ಅಂಕಿಗಳು. ಡಿ20 ಮಾಡರ್ನ್‌ಗಾಗಿ 2004ರಲ್ಲಿ ಬಂದ ವೆಪನ್ಸ್ ಲಾಕರ್ ಈ ಜಾತಿಯದು. ಎರಡನೆಯದು ಪಟ್ಟಿಯ ಜೊತೆಗೆ ನಿಯಮವನ್ನೂ ಬೆಳೆಸುವ ಪುಸ್ತಕ: ತೋಟಾಗಳ ಬಗೆ, ದುರ್ಬೀನು, ಸದ್ದಡಗಿಸುವ ಸಾಧನ, ಬಂದೂಕು ಕೆಡುವುದು, ಶುಚಿ ಮಾಡುವುದು. 2007ರ ಗರ್ಪ್ಸ್ ಹೈ-ಟೆಕ್ ಇದಕ್ಕೆ ಉದಾಹರಣೆ. ಮೂರನೆಯದು ಬಂದೂಕುಗಳನ್ನು ವರ್ಗಗಳಾಗಿ ಕಟ್ಟಿಹಾಕುವ ಪುಸ್ತಕ. ಡೆಲ್ಟಾ ಗ್ರೀನ್ ಮಧ್ಯಮ ಪಿಸ್ತೂಲು, ಭಾರಿ ಪಿಸ್ತೂಲು, ಹಗುರ ರೈಫಲ್ ಎಂದು ಹೇಳಿ ಮುಂದೆ ಹೋಗುತ್ತದೆ. ಯಾವ ಕಂಪನಿಯದು ಎಂಬುದು ಅದಕ್ಕೆ ಮುಖ್ಯವಲ್ಲ.

ಮೊದಲ ಜಾತಿಯ ಪುಸ್ತಕಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ಒಂದೇ ತೋಟಾ ಬಳಸುವ ಹತ್ತು ಪಿಸ್ತೂಲುಗಳ ಸಾಲುಗಳನ್ನು ಅಕ್ಕಪಕ್ಕ ಬರೆಯಿರಿ. ಏಳೆಂಟು ಸಾಲು ಹೆಚ್ಚುಕಡಿಮೆ ಒಂದೇ ಆಗಿದ್ದರೆ ನೀವು ಹಣ ಕೊಡುತ್ತಿರುವುದು ಹೆಸರುಗಳಿಗೆ. ಹೆಸರುಗಳೂ ಕಥೆಗೆ ಬೇಕಾಗುತ್ತವೆ, ಆದರೆ ಅದಕ್ಕಾಗಿ ದುಬಾರಿ ಅಂಚೆವೆಚ್ಚ ಕೊಟ್ಟು ಪುಸ್ತಕ ತರಿಸುವ ಅಗತ್ಯವಿಲ್ಲ.

3. ಅಳತೆಗೋಲಾಗಿ ಐದು ಬಂದೂಕುಗಳನ್ನು ಆರಿಸಿ

ಪ್ರತಿ ಪುಸ್ತಕದಲ್ಲೂ ಇದೇ ಐದನ್ನು ಹುಡುಕಬೇಕು, ನಡುವೆ ಬದಲಿಸಬಾರದು. ನಮ್ಮ ನೆಲದ ಕಥೆಗೆ ನಾನು ಇಟ್ಟುಕೊಂಡಿರುವುದು: ಪರವಾನಗಿ ಇರುವ ಸಾಮಾನ್ಯ ನಾಗರಿಕರ ಬಳಿ ಕಾಣುವ .32 ರಿವಾಲ್ವರ್, 9 ಮಿ.ಮೀ. ಪಿಸ್ತೂಲು, ಹಳೆಯ .303 ರೈಫಲ್, ಭಾರತೀಯ ಸೇನೆಯ 5.56 ಮಿ.ಮೀ. ಇನ್ಸಾಸ್ ರೈಫಲ್, ಜೋಡಿನಳಿಕೆಯ 12 ಬೋರ್ ಕೋವಿ.

ಇನ್ಸಾಸ್ ಹೆಸರು ಬಹುತೇಕ ಅಮೆರಿಕದ ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಗಾಬರಿಯಾಗಬೇಡಿ. ಅದೇ 5.56×45 ತೋಟಾ ಬಳಸುವ ಬೇರೆ ರೈಫಲ್‌ನ ಪೆಟ್ಟಿನ ಅಂಕಿಯನ್ನು ತೆಗೆದುಕೊಳ್ಳಿ, ಗುಂಡುಗಳ ಸಂಖ್ಯೆ ಮತ್ತು ಗುಂಡು ಹಾರಿಸುವ ಬಗೆಯನ್ನು ಮಾತ್ರ ತಿದ್ದಿ. ಸೇನೆಗೆ ಮೊದಲು ಬಂದ ಇನ್ಸಾಸ್ ರೈಫಲ್ ಒಂದೊಂದಾಗಿ ಅಥವಾ ಮೂರರ ಗುಚ್ಛವಾಗಿ ಗುಂಡು ಹಾರಿಸುತ್ತಿತ್ತು, ನಿಲ್ಲದೆ ಸುರಿಸುತ್ತಿರಲಿಲ್ಲ. ಹೀಗಾಗಿ ಅದು ಒಳ್ಳೆಯ ಪರೀಕ್ಷಾವಸ್ತು. ಮೂರರ ಗುಚ್ಛಕ್ಕೆ ಪ್ರತ್ಯೇಕ ನಿಯಮ ಇಲ್ಲದ ಪುಸ್ತಕ ಅಲ್ಲೇ ಎಡವುತ್ತದೆ.

12 ಬೋರ್ ವಿಷಯದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ನಡೆಯುತ್ತವೆ. ಬೋರ್ ಸಂಖ್ಯೆ ಹೆಚ್ಚಿದರೆ ನಳಿಕೆ ದೊಡ್ಡದು ಎಂದುಕೊಳ್ಳುವುದು ಮೊದಲನೆಯದು. ನಿಜ ತಿರುಗುಮುರುಗು: ನಳಿಕೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಎಷ್ಟು ಸೇರಿದರೆ ಒಂದು ಪೌಂಡ್ ಆಗುತ್ತದೆಯೋ ಅದು ಬೋರ್. ಆದ್ದರಿಂದ 20 ಬೋರ್ 12ಕ್ಕಿಂತ ಚಿಕ್ಕದು. ಎರಡನೆಯದು ತೋಟಾದ ಹೆಸರು. ನಮ್ಮಲ್ಲಿ ಬ್ರಿಟಿಷರ ಕಾಲದ ಎಸ್‌ಜಿ, ಎಲ್‌ಜಿ ಎಂಬ ಹೆಸರುಗಳೇ ಚಾಲ್ತಿಯಲ್ಲಿವೆ. ಅಮೆರಿಕದ ಪುಸ್ತಕದಲ್ಲಿ 00 ಎಂದು ಇರುವುದಕ್ಕೆ ಎಸ್‌ಜಿ ಹತ್ತಿರದ್ದು. ಅದು ಗೊತ್ತಿಲ್ಲದೆ ಹಕ್ಕಿ ಹೊಡೆಯುವ ಸಣ್ಣ ಚರೆಯ ಅಂಕಿಯನ್ನು ನಕಲು ಮಾಡಿದರೆ ಕೋವಿ ಆಟಿಕೆಯಾಗುತ್ತದೆ.

4. ಎಲ್ಲವನ್ನೂ ಒಂದೇ ಅಳತೆಗೆ ತನ್ನಿ

ಗರ್ಪ್ಸ್ ಗಜದಲ್ಲೂ ಪೌಂಡಿನಲ್ಲೂ ಮಾತನಾಡುತ್ತದೆ, ಡಿ20 ಮಾಡರ್ನ್ ಅಡಿಯಲ್ಲಿ. ಒಂದು ಗಜ ಎಂದರೆ 0.91 ಮೀಟರ್, ಐದು ಅಡಿಯ ಚೌಕ ಎಂದರೆ ಒಂದೂವರೆ ಮೀಟರ್. ಗುಂಡಿನ ತೂಕ ಗ್ರೇನ್‌ನಲ್ಲಿದ್ದರೆ 0.0648ರಿಂದ ಗುಣಿಸಿ, ಗ್ರಾಂ ಸಿಗುತ್ತದೆ. ವೇಗ ಸೆಕೆಂಡಿಗೆ ಅಡಿಗಳಲ್ಲಿದ್ದರೆ 0.3048ರಿಂದ ಗುಣಿಸಿ. ಈ ಕೆಲಸವನ್ನು ಹಾಳೆಯ ಮೇಲೆ ಒಂದೇ ಸಲ ಮಾಡಿ ಮುಗಿಸಿ. ಆಟದ ನಡುವೆ ಪರಿವರ್ತನೆ ಮಾಡಲು ಹೋದರೆ ತಪ್ಪುತ್ತೀರಿ.

5. ನಳಿಕೆಯಿಂದ ಹೊರಡುವ ಶಕ್ತಿಯನ್ನು ಪುಸ್ತಕದ ಪೆಟ್ಟಿನ ಪಕ್ಕದಲ್ಲಿಡಿ

ಬಹುತೇಕರು ಈ ಹಂತ ಬಿಡುತ್ತಾರೆ. ಲೇಖಕರು ವಾಸ್ತವವನ್ನು ಎಷ್ಟು ಹಿಗ್ಗಿಸಿದ್ದಾರೆ, ಎಷ್ಟು ಕುಗ್ಗಿಸಿದ್ದಾರೆ ಎಂಬುದು ಇಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ.

ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು: ತೂಕದ ಅರ್ಧ ಗುಣಿಸು ವೇಗದ ವರ್ಗ (ತೂಕ ಕಿಲೋಗ್ರಾಂನಲ್ಲಿರಲಿ). 9 ಮಿ.ಮೀ. ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 360 ಮೀಟರ್ ಎಂದು ಹಿಡಿದರೆ ಶಕ್ತಿ ಸುಮಾರು 520 ಜೌಲ್. 5.56ರ 4 ಗ್ರಾಂ ಗುಂಡು 900 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 1,600 ಜೌಲ್. ದೊಡ್ಡ ರೈಫಲ್‌ನ 7.62×51 ತೋಟಾದ 9.5 ಗ್ರಾಂ ಗುಂಡು 840 ಮೀಟರ್ ವೇಗದಲ್ಲಿ ಸುಮಾರು 3,350 ಜೌಲ್. ಹಳೆಯ .303 ಕೂಡ 3,100ರ ಆಸುಪಾಸಿನಲ್ಲಿದೆ. ನಮ್ಮ .32 ರಿವಾಲ್ವರ್ 150 ಜೌಲ್ ಮುಟ್ಟಿದರೆ ಹೆಚ್ಚು.

ಈಗ ಪುಸ್ತಕ ತೆರೆಯಿರಿ. 2ಡಿ6 ಎಂದರೆ ಆರು ಮುಖದ ಎರಡು ದಾಳ, ಸರಾಸರಿ 7. ಗರ್ಪ್ಸ್‌ನಲ್ಲಿ ಎಲ್ಲ ದಾಳಗಳೂ ಆರು ಮುಖದವು. ಅಲ್ಲಿ 9 ಮಿ.ಮೀ. ಪೆಟ್ಟು ಎರಡು ದಾಳದ ಮೇಲೆ 2, ಸರಾಸರಿ 9. 5.56ಕ್ಕೆ ಐದು ದಾಳ, ಸರಾಸರಿ 17.5. 7.62×51ಕ್ಕೆ ಏಳು ದಾಳ, ಸರಾಸರಿ 24.5. ಡಿ20 ಮಾಡರ್ನ್‌ನಲ್ಲಿ ಅದೇ ಮೂರಕ್ಕೆ 2ಡಿ6, 2ಡಿ8, 2ಡಿ10. ಸರಾಸರಿ 7, 9, 11.

ಪಿಸ್ತೂಲಿನಿಂದ ದೊಡ್ಡ ರೈಫಲ್‌ಗೆ ಹೋದಾಗ ಶಕ್ತಿ ಆರೂವರೆ ಪಟ್ಟು ಏರುತ್ತದೆ. ಗರ್ಪ್ಸ್‌ನಲ್ಲಿ ಪೆಟ್ಟು 2.7 ಪಟ್ಟು ಏರುತ್ತದೆ, ಡಿ20 ಮಾಡರ್ನ್‌ನಲ್ಲಿ 1.6 ಪಟ್ಟು ಮಾತ್ರ. ಮೊದಲನೆಯದು ಶಕ್ತಿಯ ವರ್ಗಮೂಲದ ಹತ್ತಿರ ನಡೆಯುತ್ತದೆ, ಎರಡನೆಯದು ಎಲ್ಲ ಬಂದೂಕುಗಳನ್ನೂ ಒಂದೇ ಕೋಣೆಗೆ ತಳ್ಳುತ್ತದೆ. ಎರಡನೆಯದನ್ನು ತಪ್ಪೆಂದು ತಳ್ಳಿಹಾಕುವುದು ಅವಸರದ ಮಾತು. ಪಿಸ್ತೂಲು ಹಿಡಿದ ನಾಯಕನೂ ರೈಫಲ್ ಎದುರು ನಿಲ್ಲಬಲ್ಲ ಸಾಹಸದ ಕಥೆಗೆ ಅದೇ ಸರಿ. ಆದರೆ ಹೆದರಿಕೆ ಬೇಕೆಂದು ಒಂದನೆಯ ಹಂತದಲ್ಲಿ ಬರೆದವರಿಗೆ ಅದು ಒಗ್ಗುವುದಿಲ್ಲ.

ಗುಂಡಿನ ಗಾತ್ರ ಮತ್ತು ತೂರುವ ಬಲ ಎರಡನ್ನೂ ಬೇರೆ ಮಾಡಿದ್ದಾರೆಯೇ ಎಂಬುದನ್ನೂ ಇಲ್ಲೇ ನೋಡಿ. ಗರ್ಪ್ಸ್‌ನಲ್ಲಿ .45 ಪಿಸ್ತೂಲಿಗೆ ಬರೀ ಎರಡು ದಾಳ, ಸರಾಸರಿ 7. ಆದರೆ ದಪ್ಪ ಗುಂಡಾದ್ದರಿಂದ ದೇಹಕ್ಕೆ ಹೊಕ್ಕ ಪೆಟ್ಟು ಒಂದೂವರೆ ಪಟ್ಟಾಗುತ್ತದೆ, ಅಂದರೆ 10ಕ್ಕೂ ಸ್ವಲ್ಪ ಹೆಚ್ಚು. ಕವಚವಿಲ್ಲದವನಿಗೆ .45 ಹೆಚ್ಚು ಅಪಾಯ. ಅದೇ ಮನುಷ್ಯನಿಗೆ ರಕ್ಷಣೆ 8 ಇರುವ ಕವಚ ತೊಡಿಸಿ: 9 ಮಿ.ಮೀ. ಗುಂಡು ನೂರಕ್ಕೆ 58 ಸಲ ಏನಾದರೂ ಒಳಗೆ ನುಗ್ಗುತ್ತದೆ, .45 ನೂರಕ್ಕೆ 28 ಸಲ ಮಾತ್ರ. ಒಂದೇ ಅಂಕಿಯಿಂದ ಈ ವ್ಯತ್ಯಾಸ ತೋರಿಸಲಾಗದು. ಯಾವ ಪಿಸ್ತೂಲು ಒಳ್ಳೆಯದು ಎಂಬ ಚರ್ಚೆ ನಿಮ್ಮ ಬಳಗದಲ್ಲಿ ಮುಗಿಯುವುದೇ ಇಲ್ಲವೆಂದರೆ, ನಿಮ್ಮ ಪುಸ್ತಕ ಇವೆರಡನ್ನೂ ಒಂದೇ ಅಂಕಿಯಲ್ಲಿ ಕಲಸಿದೆಯೇ ನೋಡಿ.

6. ಒಬ್ಬ ಮನುಷ್ಯ ಬೀಳಲು ಎಷ್ಟು ಗುಂಡು ಬೇಕು ಎಂದು ಎಣಿಸಿ

ಪೆಟ್ಟಿನ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಎದುರಿನವನ ಜೀವಾಂಕದ, ಅಂದರೆ ಅವನು ಎಷ್ಟು ಪೆಟ್ಟು ತಾಳಬಲ್ಲ ಎಂಬ ಅಂಕದ, ಪಕ್ಕದಲ್ಲಿಟ್ಟಾಗ ಮಾತ್ರ ಅರ್ಥ. ಒಂದು ಪುಸ್ತಕದ ಸಾಲನ್ನು ಇನ್ನೊಂದು ಆಟಕ್ಕೆ ಎತ್ತಿ ಹಾಕಿದಾಗ ಕೆಡುವುದು ಇದೇ.

ಗರ್ಪ್ಸ್‌ನ ಸಾಧಾರಣ ಮನುಷ್ಯನಿಗೆ 10 ಜೀವಾಂಕ. 9 ಮಿ.ಮೀ. ಗುಂಡು ತಗುಲಿದರೆ ಸರಾಸರಿ 1 ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಜೀವಾಂಕ ಒಂದೇ ಏಟಿಗೆ ಹೋದದ್ದರಿಂದ ಆರೋಗ್ಯದ ಪರೀಕ್ಷೆ ಎದುರಿಸಬೇಕು, ಸೋತರೆ ನೆಲಕ್ಕೆ ಬೀಳುತ್ತಾನೆ. ಗೆದ್ದರೂ ನಡಿಗೆ ಅರ್ಧಕ್ಕೆ ಇಳಿಯುತ್ತದೆ. ಅನುಭವ ಎಷ್ಟೇ ಬೆಳೆದರೂ ಜೀವಾಂಕ ತಾನಾಗಿ ಏರುವುದಿಲ್ಲ. ಹಳಬನಿಗೂ ಹೊಸಬನಿಗೂ ಗುಂಡು ಒಂದೇ.

ಡಿ20 ಮಾಡರ್ನ್‌ನಲ್ಲಿ ಜೀವಾಂಕ ಹಂತಹಂತವಾಗಿ ಏರುತ್ತದೆ. 50 ಜೀವಾಂಕ ತಲುಪಿದ ನಾಯಕನನ್ನು ಬೀಳಿಸಲು ಅದೇ ಪಿಸ್ತೂಲಿನ ಏಳೆಂಟು ಗುಂಡು ತಗುಲಬೇಕು. ಇದನ್ನು ತಡೆಯಲೆಂದೇ ಆ ಆಟ ಒಂದು ನಿಯಮ ಇಟ್ಟಿದೆ: ಒಂದೇ ಏಟಿನ ಪೆಟ್ಟು ದೇಹಬಲದ ಅಂಕವನ್ನು ದಾಟಿದರೆ ವಿಶೇಷ ಪರೀಕ್ಷೆ, ಸೋತರೆ ನಾಯಕನೂ ಕುಸಿಯುತ್ತಾನೆ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ದೇಹಬಲ 14 ಇರುವವನಿಗೆ 2ಡಿ6 ಗರಿಷ್ಠ 12. ಗುರಿ ತಗುಲಿತೇ ಎಂದು ನೋಡುವ ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತು ಬಿದ್ದು ಪೆಟ್ಟು ಇಮ್ಮಡಿಸಿದರೆ ಹೊರತು ಆ ಪಿಸ್ತೂಲು ಅವನನ್ನು ಎಂದಿಗೂ ಆ ಪರೀಕ್ಷೆಗೆ ತಳ್ಳುವುದಿಲ್ಲ. ನಮ್ಮ ಧಾರವಾಡದ ಗೆಳೆಯ ಈ ಲೆಕ್ಕವನ್ನು ಎರಡನೆಯ ವಾರವೇ ಕಂಡುಹಿಡಿದ. ಅಂದಿನಿಂದ ಅವನ ಪೊಲೀಸ್ ಅಧಿಕಾರಿ ಪಿಸ್ತೂಲಿನ ಎದುರು ನೆಟ್ಟಗೆ ನಡೆದುಹೋಗುತ್ತಿದ್ದ. ಆಟಗಾರ ಜಾಣನೇ, ದೂರಬೇಕಾದದ್ದು ನಾನು ಆರಿಸಿದ್ದ ನಿಯಮವನ್ನು.

ಡೆಲ್ಟಾ ಗ್ರೀನ್ ದಾರಿಯೇ ಬೇರೆ. ಪಿಸ್ತೂಲಿಗೆ ಹತ್ತು ಮುಖದ ಒಂದು ದಾಳ, ಹಗುರ ರೈಫಲ್‌ಗೆ ಹನ್ನೆರಡು ಮುಖದ ಒಂದು ದಾಳ. ಇಷ್ಟು ನೋಡಿದರೆ ವ್ಯತ್ಯಾಸವೇ ಇಲ್ಲ ಅನ್ನಿಸುತ್ತದೆ. ಆದರೆ ಆ ರೈಫಲ್‌ನಿಂದ ಗುಂಡುಗಳನ್ನು ಸುರಿಸಿದಾಗ ಮಾರಕತೆ ಎಂಬ ಶೇಕಡಾ 10ರ ಅಂಕಿ ಬರುತ್ತದೆ. ನೂರರ ದಾಳ (ಹತ್ತು ಮುಖದ ಎರಡು ದಾಳ, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ) ಉರುಳಿಸಿ 10 ಅಥವಾ ಕಡಿಮೆ ಬಿದ್ದರೆ ಎದುರಿಗಿದ್ದವನು ಅಲ್ಲೇ ಸತ್ತ. ಮೇಲೆ ಬಿದ್ದರೆ ಎರಡು ಅಂಕಿಗಳನ್ನು ಕೂಡಿದ್ದು ಪೆಟ್ಟು: 73 ಬಿದ್ದರೆ 7 ಮತ್ತು 3 ಸೇರಿ 10. ಒಂದೇ ಉರುಳಿನಲ್ಲಿ ಎಲ್ಲವೂ ಮುಗಿಯುತ್ತದೆ, ಮತ್ತು ಆ ದಾಳ ಕೈಯಲ್ಲಿರುವಷ್ಟು ಹೊತ್ತು ಮೇಜಿನ ಸುತ್ತ ಯಾರೂ ಮಾತನಾಡುವುದಿಲ್ಲ. ಕೋಷ್ಟಕದ ಸಾಲನ್ನು ಮಾತ್ರ ಓದಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಬಂದೂಕಿನ ಸಾಲು ಓದಿದ ಮೇಲೆ ಅದು ಕರೆಯುವ ನಿಯಮದ ಪುಟವನ್ನೂ ತೆರೆಯಲೇಬೇಕು.

ನಿಮ್ಮ ಐದು ಬಂದೂಕುಗಳಿಗೂ, ಸಾಧಾರಣ ಮನುಷ್ಯನಿಗೂ ಅನುಭವಿ ನಾಯಕನಿಗೂ, ಕವಚವಿದ್ದು ಮತ್ತು ಇಲ್ಲದೆ, ತಲಾ 20 ಸಲ ಉರುಳಿಸಿ ಬರೆದಿಡಿ. ಒಂದು ಸಂಜೆಯ ಕೆಲಸ.

7. ಕಾಲವನ್ನು ಅಳೆಯಿರಿ

ಗರ್ಪ್ಸ್‌ನಲ್ಲಿ ಒಂದು ಸರದಿ ಒಂದು ಸೆಕೆಂಡು. ಡಿ20 ಮಾಡರ್ನ್‌ನಲ್ಲಿ ಆರು ಸೆಕೆಂಡು. ಬಂದೂಕಿನ ವೇಗದ ಅಂಕಿ ಇದಕ್ಕೆ ಅಂಟಿಕೊಂಡಿರುತ್ತದೆ. ನಿಮಿಷಕ್ಕೆ 600 ಗುಂಡು ಹಾರಿಸುವ ಎಕೆ-47ಕ್ಕೆ ಸೆಕೆಂಡಿಗೆ 10. ಗರ್ಪ್ಸ್ ಕೋಷ್ಟಕದಲ್ಲಿ ಇರುವುದೂ ಅದೇ 10. ಡಿ20 ಮಾಡರ್ನ್‌ನಲ್ಲಿ ಸುರಿಮಳೆಗೆ 10 ಗುಂಡು ಖರ್ಚು, ಹತ್ತಡಿ ಚೌಕದಲ್ಲಿರುವವರೆಲ್ಲ ತಪ್ಪಿಸಿಕೊಳ್ಳಲು ಪರೀಕ್ಷೆ ಎದುರಿಸಬೇಕು. ಎರಡೂ ಕಡೆ 10 ಇದೆ, ಆದರೆ ಒಂದು ಸೆಕೆಂಡಿನ ಹತ್ತು ಬೇರೆ, ಆರು ಸೆಕೆಂಡಿನ ಹತ್ತು ಬೇರೆ.

ಮತ್ತೆ ತೋಟಾ ತುಂಬುವ ಹೊತ್ತು ನನಗೆ ಅರ್ಥವಾದದ್ದು ಕೊಡಗಿನಲ್ಲಿ. ನಮ್ಮ ಬಳಗದ ಕೊಡವ ಗೆಳೆಯನ ಊರಿಗೆ ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬಕ್ಕೆ ಹೋಗಿದ್ದೆ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅವನ ದೊಡ್ಡಪ್ಪ ಎರಡು ಗುಂಡು ಹಾರಿಸಿ ಕೋವಿಯನ್ನು ನಡುವಿನಿಂದ ಮಡಚಿದರು. ಖಾಲಿ ತೋಟಾಗಳು ಒಂದಿಷ್ಟೇ ಮೇಲೆದ್ದವು. ಉಗುರಿನಿಂದ ಒಂದೊಂದಾಗಿ ಎಳೆದು ಒದ್ದೆ ಹುಲ್ಲಿಗೆ ಹಾಕಿದರು, ಅಂಗಿಯ ಜೇಬಿನಿಂದ ಎರಡು ಹೊಸದನ್ನು ತೆಗೆದು ಇಳಿಸಿದರು, ಕೋವಿಯನ್ನು ಮುಚ್ಚಿದರು. ಗಡಿಯಾರ ನೋಡಿದೆ, ಎಂಟು ಸೆಕೆಂಡು. ಹುಲ್ಲಿನಿಂದ ಒಂದನ್ನು ಎತ್ತಿ ನೋಡಿದಾಗ ಹಿತ್ತಾಳೆಯ ತಳದಲ್ಲಿ ಕೆ.ಎಫ್. ಎಂಬ ಮುದ್ರೆ ಇತ್ತು. ನಮ್ಮ ಔಂಧ್ ಮನೆಯಿಂದ ಕೆಲವೇ ಕಿಲೋಮೀಟರ್ ದೂರದ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ಗುರುತು ಅದು. 1869ರಿಂದ ಇರುವ ಕಾರ್ಖಾನೆ.

ಆ ಎಂಟು ಸೆಕೆಂಡು ಗರ್ಪ್ಸ್‌ನಲ್ಲಿ ಎಂಟು ಸರದಿ. ಅಷ್ಟರಲ್ಲಿ ಎದುರಾಳಿ ಅಂಗಳ ದಾಟಿ ಬಂದಿರುತ್ತಾನೆ. ಡಿ20 ಮಾಡರ್ನ್‌ನಲ್ಲಿ ಇಂಥ ಕೋವಿ ತುಂಬಲು ಒಂದು ಇಡೀ ಸರದಿ, ಪಿಸ್ತೂಲಿನ ಮ್ಯಾಗಜಿನ್ ಬದಲಿಸಲು ಅರ್ಧ ಸರದಿಯಷ್ಟು. ಎರಡೂ ವಾಸ್ತವಕ್ಕೆ ದೂರವಿಲ್ಲ. ಆದರೆ ಮೊದಲನೆಯದರಲ್ಲಿ ಕೋವಿ ಹಿಡಿದವನು ಎಂಟು ಸಲ ತನ್ನ ಸರದಿಗೆ ಕಾದು 'ತುಂಬುತ್ತಿದ್ದೇನೆ' ಎನ್ನುತ್ತಾನೆ. ಆ ಕಾಯುವಿಕೆ ನಿಮ್ಮ ಬಳಗಕ್ಕೆ ಉಸಿರು ಬಿಗಿಹಿಡಿಸುತ್ತದೆಯೋ ಬೇಸರ ತರುತ್ತದೆಯೋ ಎಂಬುದನ್ನು ಆಡಿಯೇ ನೋಡಬೇಕು.

ಒಂದು ಎಚ್ಚರಿಕೆ: ಖಾಲಿ ತೋಟಾವನ್ನು ಮೇಜಿನ ಮೇಲಿಡಲು ಚೆನ್ನಾಗಿರುತ್ತದೆ ಎಂದು ಚೀಲಕ್ಕೆ ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ನಾನು ಅಲ್ಲೇ ಬಿಟ್ಟುಬಂದೆ.

8. ಮೂರು ದೃಶ್ಯಗಳನ್ನು ಆಡಿ ನೋಡಿ

ಲೆಕ್ಕ ಮುಗಿದ ಮೇಲೆ ಇಬ್ಬರು ಆಟಗಾರರನ್ನು ಕರೆದು ಒಂದೇ ಮೂರು ದೃಶ್ಯಗಳನ್ನು ಪ್ರತಿ ಪುಸ್ತಕದ ನಿಯಮದಲ್ಲೂ ಆಡಿಸಿ. ಪಾತ್ರಗಳು, ದೂರ, ಬೆಳಕು ಒಂದೂ ಬದಲಾಗಬಾರದು. ಗಡಿಯಾರ ಇಟ್ಟುಕೊಳ್ಳಿ.

ಮೊದಲನೆಯದು ಪುಣೆಯ ಪೇಠೆಯ ಹಳೆಯ ವಾಡೆಯೊಂದರ ಕತ್ತಲೆ ಮೆಟ್ಟಿಲು, ನಾಲ್ಕು ಮೀಟರ್ ದೂರ. ಇಲ್ಲಿ ನೋಡಬೇಕಾದದ್ದು ಉದ್ದ ಬಂದೂಕಿಗೆ ಇಕ್ಕಟ್ಟಿನಲ್ಲಿ ತೊಂದರೆ ಇದೆಯೇ ಎಂದು. ಗರ್ಪ್ಸ್‌ನಲ್ಲಿ ಬಂದೂಕಿನ ದೊಡ್ಡತನಕ್ಕೇ ಒಂದು ಋಣ ಅಂಕಿ ಇದೆ.

ಎರಡನೆಯದು ಗೋವಾ, ಮೇ ತಿಂಗಳು, ಫೆರಿ ದೋಣಿ. ಅರ್ಧ ತೋಳಿನ ತೆಳು ಅಂಗಿ ತೊಟ್ಟ ಅಧಿಕಾರಿ ಪಿಸ್ತೂಲನ್ನು ಎಲ್ಲಿ ಅಡಗಿಸುತ್ತಾನೆ? ಹೊರಗಿನ ಪುಸ್ತಕಗಳು ಕೋಟು ತೊಟ್ಟವರನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಬಟ್ಟೆಗೆ ತಕ್ಕಂತೆ ಅಡಗಿಸುವ ಕಷ್ಟ ಬದಲಾಗದ ಪುಸ್ತಕ ನಮ್ಮ ಕರಾವಳಿಗೆ ಬಾರದು. ಪುಟ್ಟ .32 ರಿವಾಲ್ವರ್‌ಗೆ ಬೆಲೆ ಬರುವುದು ಈ ದೃಶ್ಯದಲ್ಲಿ ಮಾತ್ರ. ಇಲ್ಲೂ ಬೆಲೆ ಬರಲಿಲ್ಲವೆಂದರೆ ಆ ಪುಸ್ತಕದಲ್ಲಿ ಚಿಕ್ಕ ಬಂದೂಕುಗಳ ಸಾಲುಗಳು ಅಲಂಕಾರಕ್ಕೆ ಇವೆ ಎಂದರ್ಥ.

ಮೂರನೆಯದು ಖಂಡಾಲ ಘಾಟ್, ಮಳೆ, ಗುಡ್ಡದ ಮೇಲಿನಿಂದ ರಸ್ತೆಯ ಜೀಪಿಗೆ 150 ಮೀಟರ್. ಒಬ್ಬನ ಕೈಯಲ್ಲಿ .303, ಇನ್ನೊಬ್ಬನ ಕೈಯಲ್ಲಿ ಎಕೆ. ದೂರದಲ್ಲಿ ಗುರಿ ಇಟ್ಟು ಹೊಡೆಯುವುದಕ್ಕೆ ಪುಸ್ತಕ ಏನು ಕೊಡುತ್ತದೆ ನೋಡಿ. ಆಮೇಲೆ ಅದೇ ಇಬ್ಬರನ್ನು 15 ಮೀಟರ್‌ಗೆ ತನ್ನಿ.

ಈ ಕೊನೆಯ ಬದಲಾವಣೆಯನ್ನು ನಾನು ಸುಮ್ಮನೆ ಸೇರಿಸಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಪೊಲೀಸರ ಬಳಿ ಇದ್ದದ್ದು ಹಳೆಯ .303 ರೈಫಲ್‌ಗಳು ಮತ್ತು ಲಾಠಿಗಳು. ಎದುರಿಗೆ ದಾಳಿಕೋರರ ಕೈಯಲ್ಲಿ ಎಕೆ ಮಾದರಿಯ ರೈಫಲ್‌ಗಳು. ಜೌಲ್‌ಗಳ ಪಟ್ಟಿಯಲ್ಲಿ .303 ಸುಮಾರು 3,100, ಎಕೆ ಸುಮಾರು 2,000. ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕಾದ ರೈಫಲ್, ಸೆಕೆಂಡಿಗೆ ಹತ್ತು ಗುಂಡು ಹಾರಿಸುವುದರ ಎದುರು ಹತ್ತಿರದಲ್ಲಿ ಏನಾಗುತ್ತದೆ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ನಿಮ್ಮ ಪುಸ್ತಕದಲ್ಲಿ 15 ಮೀಟರ್‌ನ ಕಾದಾಟದಲ್ಲೂ .303 ಹಿಡಿದವನೇ ಸಲೀಸಾಗಿ ಗೆಲ್ಲುತ್ತಿದ್ದರೆ ಆ ಪುಸ್ತಕ ಪೆಟ್ಟನ್ನು ಮಾತ್ರ ತೂಗುತ್ತಿದೆ. ನಮ್ಮ ಬಳಗದಲ್ಲಿ ಮುಂಬಯಿಯ ಮಾಟುಂಗದಲ್ಲಿ ಬೆಳೆದ ಗೆಳತಿಯೊಬ್ಬಳಿದ್ದಾಳೆ. ಆ ರಾತ್ರಿಯ ಜಾಗಗಳಲ್ಲಿ ಕಾದಾಟ ಇಡಬೇಡವೆಂದು ಅವಳು ಮೊದಲೇ ಕೇಳಿಕೊಂಡಳು, ನಾವು ಇಡುವುದಿಲ್ಲ. ನಿಮ್ಮವರನ್ನೂ ದೃಶ್ಯ ಆರಿಸುವ ಮುಂಚೆ ಕೇಳಿ.

9. ಪರವಾನಗಿಯ ಅಂಕಣವನ್ನು ಹೊಸದಾಗಿ ಬರೆಯಿರಿ

ಬಹುತೇಕ ಪುಸ್ತಕಗಳಲ್ಲಿ ಬಂದೂಕು ಸಿಗುವುದು ಸುಲಭವೋ ಕಷ್ಟವೋ ಎಂಬ ಒಂದು ಅಂಕಣವಿರುತ್ತದೆ. ಅದು ಅಮೆರಿಕದ ಲೆಕ್ಕ. ಬೆಲೆಯ ಅಂಕಣವೂ ಹಾಗೆಯೇ. ಡಾಲರ್‌ಗಳನ್ನು ರೂಪಾಯಿಗೆ ಪರಿವರ್ತಿಸಿ ಕೂರಬೇಡಿ, ಎರಡನ್ನೂ ಹೊಡೆದುಹಾಕಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ನಡೆಯುತ್ತದೆ. .32, .315, 12 ಬೋರ್ ಮುಂತಾದವು ನಿಷೇಧವಿಲ್ಲದ ಬೋರ್‌ಗಳು (ಕಾನೂನಿನಲ್ಲಿ ಬೋರ್ ಎಂದರೆ ನಳಿಕೆಯ ಅಳತೆ), ಪರವಾನಗಿ ಇದ್ದರೆ ನಾಗರಿಕರು ಹೊಂದಬಹುದು. 9 ಮಿ.ಮೀ. ಮತ್ತು .303 ನಿಷೇಧಿತ ಬೋರ್‌ಗಳು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರು ಇತ್ತು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ಹಿಂದಿನಿಂದ ಬಂದ ವಿನಾಯಿತಿ ಇದೆ. ಚುನಾವಣೆ ಬಂದಾಗ ಅನೇಕ ಪರವಾನಗಿದಾರರು ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕಾಗುತ್ತದೆ.

ಈ ಒಂದು ಪ್ಯಾರಾದಲ್ಲಿ ಎಷ್ಟು ಕಥೆಗಳಿವೆ ನೋಡಿ. ಶ್ರೀಮಂತ ಬಿಲ್ಡರ್‌ನ ಕಪಾಟಿನಲ್ಲಿ 9 ಮಿ.ಮೀ. ತೋಟಾ ಸಿಕ್ಕರೆ ಅದೇ ಒಂದು ಸುಳಿವು. ಕೊಲೆ ನಡೆದದ್ದು ಮತದಾನದ ವಾರದಲ್ಲಿ, ಬಂದೂಕು ಠಾಣೆಯಲ್ಲಿತ್ತು ಎಂದು ದಾಖಲೆ ಹೇಳುತ್ತದೆ ಎಂದರೆ ಅದು ಇನ್ನೊಂದು. ಯಾವ ಸೋರ್ಸ್‌ಬುಕ್ಕೂ ಇದನ್ನು ನಿಮಗೆ ಕೊಡುವುದಿಲ್ಲ. ಆದ್ದರಿಂದ ಲಭ್ಯತೆಯ ನಿಯಮ ಚೆನ್ನಾಗಿದೆ ಎಂಬ ಕಾರಣಕ್ಕೆ ಯಾವ ಪುಸ್ತಕಕ್ಕೂ ಹೆಚ್ಚು ಅಂಕ ಕೊಡಬೇಡಿ.

10. ಈ ಗುರುತುಗಳು ಕಂಡರೆ ನಿಲ್ಲಿ

ಪುಸ್ತಕದಲ್ಲಿ ಕವಚದ ಅಧ್ಯಾಯವಿಲ್ಲದೆ ಬಂದೂಕುಗಳು ಮಾತ್ರ ಇದ್ದರೆ ಅರ್ಧ ತಕ್ಕಡಿ. ಒಂದೇ ತೋಟಾ, ಒಂದೇ ಉದ್ದದ ನಳಿಕೆ ಇರುವ ಎರಡು ಬಂದೂಕುಗಳಿಗೆ ಕಾರಣವಿಲ್ಲದೆ ಬೇರೆ ಬೇರೆ ಪೆಟ್ಟು ಕೊಟ್ಟಿದ್ದರೆ ಲೇಖಕರಿಗೆ ಇಷ್ಟವಾದ ಬಂದೂಕು ಯಾವುದು ಎಂದು ತಿಳಿಯುತ್ತದೆ, ಅಷ್ಟೇ. ಇನ್ನೊಂದು ಗುರುತು ನಿಮ್ಮ ಮೇಜಿನ ಮೇಲೇ ಕಾಣುತ್ತದೆ: ಪರೀಕ್ಷೆಯ ದೃಶ್ಯಗಳಲ್ಲಿ ಎಲ್ಲ ಆಟಗಾರರೂ ಒಂದೇ ಬಂದೂಕನ್ನು ಆರಿಸಿದರೆ ಉಳಿದ ಸಾಲುಗಳು ಸತ್ತಂತೆ.

11. ಆರಿಸಿ, ಒಂದು ಪುಟಕ್ಕೆ ಇಳಿಸಿ

ನಮ್ಮ ವಾಕ್ಯಕ್ಕೆ, ಅಂದರೆ ಹೆದರಿಕೆ ಮತ್ತು 20 ನಿಮಿಷಕ್ಕೆ, ಕೊನೆಗೆ ಉಳಿದದ್ದು ಡೆಲ್ಟಾ ಗ್ರೀನ್‌ನ ವರ್ಗಗಳು. ಖಂಡಾಲದ ದೃಶ್ಯ ಅದರಲ್ಲಿ ಒಂಬತ್ತು ನಿಮಿಷದಲ್ಲಿ ಮುಗಿಯಿತು, ಗರ್ಪ್ಸ್‌ನಲ್ಲಿ 50 ನಿಮಿಷ ಹಿಡಿಯಿತು. ಆದರೂ ಗರ್ಪ್ಸ್ ಹೈ-ಟೆಕ್ ನನ್ನ ಕಪಾಟಿನಲ್ಲಿದೆ, ಓದಲು. ತೋಟಾ ಒದ್ದೆಯಾದರೆ ಏನಾಗುತ್ತದೆ, ಸದ್ದಡಗಿಸುವ ಸಾಧನ ಎಷ್ಟು ಸದ್ದನ್ನು ನಿಜವಾಗಿ ತಗ್ಗಿಸುತ್ತದೆ ಎಂಬಂಥ ವಿವರಗಳನ್ನು ಅಲ್ಲಿಂದ ತೆಗೆದುಕೊಂಡು ಬಾಯಿಮಾತಿನಲ್ಲಿ ಬಳಸುತ್ತೇನೆ, ಅಂಕಿಗಳನ್ನು ಮುಟ್ಟುವುದಿಲ್ಲ. ಒಂದೊಂದು ಗುಂಡಿನ ಲೆಕ್ಕವೂ ರುಚಿಸುವ ಬಳಗವಿದ್ದರೆ ನಾನು ಕಣ್ಣುಮುಚ್ಚಿ ಗರ್ಪ್ಸ್ ಹೇಳುತ್ತೇನೆ. ನಾಯಕರು ಗುಂಡಿನ ಮಳೆಯಲ್ಲಿ ಓಡುವ ಸಿನಿಮಾದಂಥ ಕಥೆಗೆ ಡಿ20 ಮಾಡರ್ನ್ ಸಾಲುಗಳು ಈಗಲೂ ಚೆನ್ನಾಗಿ ನಡೆಯುತ್ತವೆ.

ಆರಿಸಿದ ಮೇಲೆ ನಿಮ್ಮ ಕಥೆಗೆ ಬೇಕಾದ ಎಂಟು, ಹೆಚ್ಚೆಂದರೆ ಹತ್ತು ಬಂದೂಕುಗಳನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಎಲ್ಲರಿಗೂ ಪ್ರತಿ ಕೊಡಿ. ಪ್ರತಿ ಸಾಲಿನಲ್ಲಿ ಪೆಟ್ಟು, ಮೀಟರ್‌ನಲ್ಲಿ ದೂರ, ಗುಂಡುಗಳ ಸಂಖ್ಯೆ, ತುಂಬುವ ಹೊತ್ತು, ಅಡಗಿಸುವ ಕಷ್ಟ, ನಮ್ಮ ಕಾನೂನಿನಲ್ಲಿ ಯಾರ ಬಳಿ ಇರಬಹುದು ಎಂಬುದು ಇರಲಿ. ಆಟ ಶುರುವಾದ ಮೇಲೆ ಯಾರಾದರೂ ಪುಟದಲ್ಲಿಲ್ಲದ ಬಂದೂಕಿನ ಹೆಸರು ಹೇಳಿದರೆ, ಅದು ಯಾವ ತೋಟಾ ಬಳಸುತ್ತದೆ ಎಂದು ಕೇಳಿ, ಅದೇ ತೋಟಾದ ಸಾಲನ್ನು ತೋರಿಸಿ ಆಟ ಮುಂದುವರಿಸಿ. ಹೊಸ ಸಾಲು ಸೇರಿಸುವುದಿದ್ದರೆ ಮುಂದಿನ ಭಾನುವಾರದೊಳಗೆ ಐದನೆಯ ಮತ್ತು ಆರನೆಯ ಹಂತದ ಲೆಕ್ಕ ಮುಗಿಸಿ ಸೇರಿಸಿ.